ಹೂವಿನಷ್ಟು ಕೆಂಪು

ಬಿಳಿಯ ಪಿಂಗಾಣಿ ತಟ್ಟೆ. ಅದರ ನಡುವೆ ಬಣ್ಣದಲ್ಲಿ ಬರೆದ, ಉಗುರಿನಗಲದ ಒಂದು ಕೆಂಪು ಹೂವು. ತಟ್ಟೆಯಲ್ಲಿ ಬೆರಳೆತ್ತರದ ನೀರು, ಆ ನೀರಿನಲ್ಲಿ ಹೂವಿನ ಸುತ್ತ ತಡಕಾಡುವ ಪುಟ್ಟ ಸಿಗಡಿಗಳು. ಅತ್ತೆಯನ್ನು ನೆನೆದಾಗಲೆಲ್ಲ ಅವರ ಮುಖಕ್ಕಿಂತ ಮೊದಲು ನನಗೆ ಕಾಣುವುದು ಈ ತಟ್ಟೆ.

ನಾನು ಆ ಮನೆಗೆ ಸೊಸೆಯಾಗಿ ಹೋದಾಗ ಹಿತ್ತಿಲಿನ ಬಾದಾಮಿ ಮರದ ಕೆಳಗೆ ಮೂರು ಕಲ್ಲುತೊಟ್ಟಿಗಳಿದ್ದವು. ಒಂದರಲ್ಲಿ ಕೆಂಪು ಸಿಗಡಿ, ಒಂದರಲ್ಲಿ ಹಳದಿ, ಇನ್ನೊಂದರಲ್ಲಿ ನೀಲಿ. ತಿನ್ನುವ ಸಿಗಡಿಯಲ್ಲ, ಬಲಿತರೂ ಭತ್ತದ ಕಾಳಿನ ಎರಡರಷ್ಟು ಉದ್ದ ಬರುವ ಸಿಹಿನೀರಿನ ಜಾತಿ. ಪೇಟೆಯವರು ಗಾಜಿನ ಭರಣಿಯಲ್ಲಿ ಬಿಟ್ಟು, ನಡುಮನೆಯಲ್ಲಿಟ್ಟು ನೋಡುತ್ತಾರೆ. ಹಳದಿ, ನೀಲಿ ಊರಿನಲ್ಲಿ ಬೇರೆಯವರ ಬಳಿಯೂ ಇದ್ದವು. ಅಂಥ ಕೆಂಪು ಮಾತ್ರ ನಮ್ಮತ್ತೆ ಹೊಂಬಾಳಮ್ಮನವರ ತೊಟ್ಟಿಯಲ್ಲಲ್ಲದೆ ಎಲ್ಲೂ ಇರಲಿಲ್ಲ.

ದಿನಾ ಬೆಳಿಗ್ಗೆ ಅವರು ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ತೆಂಗಿನ ಚಿಪ್ಪಿನಲ್ಲಿ ಸಿಗಡಿಗಳನ್ನು ಮೊಗೆದು ತಟ್ಟೆಗೆ ಸುರಿದುಕೊಳ್ಳುತ್ತಿದ್ದರು. ಹೂವಿನಷ್ಟು ಕೆಂಪಿದ್ದದ್ದು ತೊಟ್ಟಿಗೆ ಹಿಂದಕ್ಕೆ. ಅದಕ್ಕಿಂತ ಪೇಲವವಾದದ್ದು ಗೋಡೆಯ ಪಕ್ಕದ ಕೋಳಿ ಬಾನಿಗೆ. ಕೋಳಿಗಳಿಗೂ ಹೊತ್ತು ಗೊತ್ತಿತ್ತು. ಅತ್ತೆ ತಟ್ಟೆ ತೊಳೆಯುವ ಸದ್ದಿಗೇ ಬಂದು, ಒಂದೂ ಕೂಗದೆ, ಕತ್ತು ಓರೆ ಮಾಡಿ ನಿಂತಿರುತ್ತಿದ್ದವು.

ಒಂದೊಂದು ತೊಟ್ಟಿಗೂ ಒಂದೊಂದು ಚಿಪ್ಪು. ಕೆಂಪಿನದು ನೀಲಿಗೆ ಇಳಿಯಕೂಡದು. ಒಂದರಲ್ಲಿ ಕೈಯದ್ದಿದವರು ಒಲೆಯ ಮುಂದೆ ಕೈ ಒಣಗಿಸಿಕೊಂಡೇ ಇನ್ನೊಂದರ ಹತ್ತಿರ ಹೋಗಬೇಕು.

"ಮರಿ ಕೂದಲೆಳೆಯಷ್ಟು ಇರ್ತದೆ ಕಣವ್ವ. ಒದ್ದೆ ಕೈಗೆ ಅಂಟ್ಕೊಂಡು ಹೋದ್ರೆ ನಿನಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ" ಎಂದಿದ್ದರು ಅತ್ತೆ.

"ಹೋದ್ರೆ ಏನಾಗ್ತದೆ ಅತ್ತೆ?"

"ಇವೆಲ್ಲ ಹುಟ್ಟಿದ್ದು ಹಳ್ಳದಲ್ಲಿ. ಹಳ್ಳದ ಸಿಗಡಿಗೆ ಕೆಸರಿನ ಬಣ್ಣ. ಅದರೊಳಗಿಂದ ಕೆಂಪನ್ನ ಆರಿಸಿ ಆರಿಸಿ ಈಚೆ ತಂದಿರೋದು. ನಮ್ಮತ್ತೆ ಆರಿಸಿದ್ರು, ಅವರತ್ತೆ ಆರಿಸಿದ್ರು. ಎರಡು ಬಣ್ಣ ಕೂಡಿದ್ರೆ ಮೂರನೇ ಬಣ್ಣ ಬರೋದಿಲ್ಲ. ಹಳ್ಳ ಎದ್ದು ಬರ್ತದೆ."

ಆಮೇಲೆ ನನ್ನನ್ನು ನೋಡಿ ನಕ್ಕರು. ನನ್ನ ತವರು ಹಳ್ಳದ ದಂಡೆಯಲ್ಲಿತ್ತು.

ಸಿಗಡಿ ಕೊಳ್ಳಲು ಬರುತ್ತಿದ್ದವನು ತಿಮ್ಮರಸ ಎಂಬ ವ್ಯಾಪಾರಿ. ಒಂದು ಸಲ ಅವನು ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಾ, "ನೇರಳೆಹಣ್ಣಿನ ಬಣ್ಣದ್ದು ಯಾರ ಹತ್ರನೂ ಇಲ್ಲ ನೋಡಿ ಮಾದೇವಪ್ಪ. ಅದನ್ನ ಮಾಡಿದೋರ ಮನೆ ಮುಂದೆ ಜನ ಸಾಲುಗಟ್ಟಿ ನಿಲ್ತಾರೆ" ಎಂದ. ಮಾದೇವಪ್ಪ ಎಂದರೆ ನನ್ನ ಗಂಡ. ಆ ಮಾತು ಅವರ ತಲೆ ಹೊಕ್ಕಿತು.

"ಅರಿಶಿನಕ್ಕೆ ಸುಣ್ಣ ಬಿದ್ರೆ ಕೆಂಪಾಗಲ್ವಾ? ಕೆಂಪಿಗೆ ನೀಲಿ ಬಿದ್ರೆ ನೇರಳೆ ಆಗ್ಲೇಬೇಕು. ಅವ್ವನದು ಬರೀ ಹೆದರಿಕೆ" ಎಂದರು ನನ್ನ ಹತ್ತಿರ.

"ಅರಿಶಿನಕ್ಕೆ ಅಪ್ಪ ಅಮ್ಮ ಇರ್ತಾರಾ?" ಎಂದೆ.

"ನಿನಗೇನು ಗೊತ್ತು, ಸುಮ್ನಿರು."

ಬಚ್ಚಲುಮನೆಯ ಹಿಂದೆ ಒಂದು ಹಳೆಯ ಗುಡಾಣಕ್ಕೆ ನೀರು ತುಂಬಿ, ಕೆಂಪು ನೀಲಿ ಎರಡನ್ನೂ ಬಿಟ್ಟರು. ಹೊಟ್ಟೆಯಡಿ ಮೊಟ್ಟೆ ಕಟ್ಟಿದ ಹೆಣ್ಣುಗಳು ಕಂಡಾಗ ಅವರು ಊಟ ಬಿಟ್ಟು ಹೋಗಿ ಬಗ್ಗಿ ನೋಡುತ್ತಿದ್ದರು. ಮರಿಗಳು ಬೆಳೆದು ಬಣ್ಣ ತೋರಿದ ದಿನ ನನ್ನನ್ನೂ ಕರೆದರು. ಕೆಲವು ಕೆಸರಿನಂತೆ ಕಪ್ಪಗೆ. ಕೆಲವಕ್ಕೆ ಬಣ್ಣವೇ ಇಲ್ಲ. ಗಾಜಿನಂತೆ, ಒಳಗಿನ ಕರುಳಿನ ಗೆರೆ ಹೊರಗೆ ಕಾಣುವಂತೆ. ಅವು ನಮ್ಮನ್ನು ನೋಡುತ್ತಿವೆ ಅನ್ನಿಸಿ ನಾನು ಹಿಂದೆ ಸರಿದೆ. ನನ್ನ ತವರಿನ ಹಳ್ಳದಲ್ಲಿ ಕಾಲಿಟ್ಟಾಗ ಚದುರಿ ಓಡುತ್ತಿದ್ದವು ಇವೇ.

ಅತ್ತೆಗೆ ಅದು ಗೊತ್ತಾಗದೆ ಇರಲಿಲ್ಲ. ಅವರು ಬೈಯಲಿಲ್ಲ. ಬಿಸಿಲು ಏರಿದ ಮೇಲೆ ಗುಡಾಣವನ್ನು ತಾವೇ ಎಳೆದುಕೊಂಡು ಬಂದು ಕಾದ ಅಂಗಳಕ್ಕೆ ಸುರಿದರು. ಕೋಳಿಗಳು ಬಂದವು. ಎಲ್ಲ ಮುಗಿಯುವ ತನಕ ಅತ್ತೆ ನಿಂತು ನೋಡಿದರು.

"ಮುಗೀತು" ಎಂದರು.

ಮುಗಿದಿರಲಿಲ್ಲ. ಗುಡಾಣದಿಂದ ಮರಿ ಎತ್ತಿ ನೋಡಲು ನನ್ನ ಗಂಡ ಬಳಸಿದ್ದು ಕೆಂಪು ತೊಟ್ಟಿಯ ಚಿಪ್ಪನ್ನೇ. ನೋಡಿ, ಒರೆಸದೆ, ಅದರ ಜಾಗದಲ್ಲೇ ತೂಗುಹಾಕಿದ್ದರು. ಅವರು ಇದನ್ನು ನನಗೆ ಹೇಳಿದ್ದು ಬಹಳ ತಡವಾಗಿ.

ಮುಂದಿನ ಮಳೆಗಾಲ ಕಳೆದ ಮೇಲೆ ಕೆಂಪು ತೊಟ್ಟಿಯ ತಳದಲ್ಲಿ, ಕೊಳೆತ ಬಾದಾಮಿ ಎಲೆಯ ಮೇಲೆ, ಕೆಸರು ಬಣ್ಣದ್ದೊಂದು ಕೂತಿರುವುದನ್ನು ಕಂಡೆ.

"ಅತ್ತೆ, ಇಲ್ಲೊಂದು ಕಪ್ಪಗಿದೆ."

ಅವರು ಬಗ್ಗಿ ಬಹಳ ಹೊತ್ತು ನೋಡಿದರು. "ಎಲೆಯ ನೆರಳು" ಎಂದರು.

ನೆರಳು ಹೆಚ್ಚುತ್ತಾ ಹೋಯಿತು. ಮೊದಲೆಲ್ಲ ತೊಟ್ಟಿಗೆ ಬೆಳಕು ಬಿದ್ದರೆ ಕುಂಕುಮ ಚೆಲ್ಲಿದಂತೆ ಕಾಣುತ್ತಿತ್ತು. ಈಗ ನೀರೇ ಮುಸುಕಾದಂತಿತ್ತು. ತಿಮ್ಮರಸ ಬಂದವನು ಭರಣಿಯನ್ನು ಬಿಸಿಲಿಗೆ ಹಿಡಿದು, ತಿರುಗಿಸಿ ನೋಡಿ, ಮೆಲ್ಲಗೆ ತೊಟ್ಟಿಗೇ ಸುರಿದ. "ಈ ಸಲ ಬೇಡ ಹೊಂಬಾಳಕ್ಕ. ಮುಂದಿನ ಸಲ ನೋಡೋಣ" ಎಂದು ಎಲೆಯಡಿಕೆಗೂ ಕೂರದೆ ಹೋದ.

ಅಂದು ಅತ್ತೆ ನನ್ನ ಕಡೆ ತಿರುಗಿದರು. "ಒದ್ದೆ ಕೈಯಲ್ಲಿ ತೊಟ್ಟಿ ಮುಟ್ಟಿದ್ದು ನೀನೇ. ಇದು ನಿನ್ನ ತವರಿನ ಬಣ್ಣ. ಇನ್ನು ಮೇಲೆ ಮರದ ನೆರಳಿಗೂ ಬರಬೇಡ. ಈ ಕೆಂಪು ಒಂದು ಸಲ ಹೋದ್ರೆ ಇನ್ನೆಲ್ಲಿಂದ ತರಲಿ ನಾನು? ಸತ್ತೋರನ್ನ ಎಬ್ಬಿಸಿ ಆರಿಸಿಕೊಡಿ ಅನ್ನಲಾ?"

ನನ್ನ ಗಂಡ ತಲೆ ತಗ್ಗಿಸಿ ಎಲೆಯ ತೊಟ್ಟು ಮುರಿಯುತ್ತಾ ಕೂತಿದ್ದರು.

ಆಮೇಲೆ ಅತ್ತೆ ಬೆಳಿಗ್ಗೆಯೂ ಆರಿಸಿದರು, ಸಂಜೆಯೂ ಆರಿಸಿದರು. ಚಿಪ್ಪು ಕಲ್ಲಿಗೆ ತಾಗುವ ಸದ್ದು ಅಡುಗೆಮನೆಯ ತನಕ ಬರುತ್ತಿತ್ತು. ವಿಚಿತ್ರವೆಂದರೆ, ಅವರು ಆರಿಸಿದಷ್ಟೂ ತೊಟ್ಟಿ ಕಪ್ಪಾಗುತ್ತಿತ್ತು. ಕೋಳಿಗಳು ಮಾತ್ರ ಮೈ ತುಂಬಿಕೊಂಡವು.

ಒಂದು ಬೆಳಿಗ್ಗೆ ಕೋಳಿಗೆ ತೌಡು ಹಾಕಲು ಗೋಡೆಯ ಪಕ್ಕಕ್ಕೆ ಹೋದೆ. ಬಾನಿಯೊಳಗೆ ನೋಡಿದವಳು ತೌಡಿನ ಮೊರ ಹಿಡಿದುಕೊಂಡೇ ನಿಂತುಬಿಟ್ಟೆ. ಬಾನಿಯ ತುಂಬ ಕೆಂಪು. ಹೂವಿಗಿಂತ ಕೆಂಪಾದ ಸಿಗಡಿಗಳು ಮೇಲೆ ಬರಲು ಒದ್ದಾಡುತ್ತಿದ್ದವು. ಕೋಳಿಗಳು ಆತುರವಿಲ್ಲದೆ ಒಂದೊಂದನ್ನೇ ಹೆಕ್ಕುತ್ತಿದ್ದವು.

ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಗಾಢವಾಗಿ ಕಂಡದ್ದನ್ನೆಲ್ಲ ಅವರು ಗಾಢ ಕೆಂಪೆಂದು ಉಳಿಸುತ್ತಿದ್ದರು. ನಿಜವಾದ ಕೆಂಪು ಆ ಮಂಜಿನಲ್ಲಿ ಪೇಲವವಾಗಿ ಕಂಡು ಬಾನಿಗೆ ಬೀಳುತ್ತಿತ್ತು. ಒಂದೇ ಒಂದು ಮರಿಯಿಂದ ಶುರುವಾಗಿದ್ದನ್ನು ತೊಟ್ಟಿಯ ತುಂಬ ಬೆಳೆಸಿದ್ದು, ಇಷ್ಟು ಕಾಲ ಅದನ್ನು ಕಾದ ಅದೇ ಕೈ.

ಗಂಡನಿಗೆ ಹೇಳಿದೆ. ಅವರು ಆಗ ಚಿಪ್ಪಿನ ವಿಷಯ ಬಾಯಿಬಿಟ್ಟರು. ಆಮೇಲೆ, "ಅವ್ವಂಗೆ ಹೇಳೋರು ಯಾರು? ನನ್ನ ಕೈಲಂತೂ ಆಗಲ್ಲ" ಎಂದು ಹೊರಗೆ ಹೊರಟುಹೋದರು.

ನಾನು ಬಾನಿಯ ಹತ್ತಿರ ಓಡಿದೆ. ನೀರಿನಲ್ಲಿ ಒಂದೂ ಉಳಿದಿರಲಿಲ್ಲ. ಕೋಳಿಗಳು ಕೊಕ್ಕನ್ನು ಮಣ್ಣಿಗೆ ಉಜ್ಜುತ್ತಿದ್ದವು. ಅಲ್ಲಿಂದ ನೇರ ಮರದ ಕೆಳಗೆ ಹೋದೆ.

"ಅತ್ತೆ, ನೀವು ಕೋಳಿಗೆ ಹಾಕ್ತಿರೋದು ಕೆಂಪು."

ಅವರ ಬೆರಳು ತಟ್ಟೆಯ ಅಂಚಿನಲ್ಲಿ ನಿಂತಿತು. "ನನ್ನ ಕಣ್ಣು ಹೋಗಿದೆ ಅಂತೀಯಾ?"

ಅವರು ಹೆಬ್ಬೆರಳನ್ನು ನೀರಿಗಿಳಿಸಿ, ಸ್ವಲ್ಪವೂ ತಡವರಿಸದೆ ಹೂವಿನ ಮೇಲೆ ಒತ್ತಿದರು. "ಇದು ಕೆಂಪು. ಇದು ನನಗೆ ಕಾಣ್ತದೆ. ಮೊಗೆದು ಹಾಕು ನೋಡೋಣ. ನೀನೇ ಹಾಕು. ನೀನೇ ತೋರಿಸು ಯಾವುದು ಕೆಂಪು ಅಂತ."

ಎಷ್ಟೋ ದಿನದ ಮೇಲೆ ಆ ಚಿಪ್ಪನ್ನು ಮುಟ್ಟಿದೆ. ತಳದ ತನಕ ಇಳಿಸಿದೆ, ಮೂಲೆಗಳನ್ನು ಕೆದಕಿದೆ, ಎಲೆಗಳನ್ನು ಮಗುಚಿದೆ. ಮೊಗೆದು ಸುರಿದೆ, ಮತ್ತೆ ಮೊಗೆದೆ. ತಟ್ಟೆಯ ತುಂಬ ಕೆಸರು ಬಣ್ಣ, ಗಾಜಿನ ಬಣ್ಣ. ಕೆಂಪೆನ್ನುವುದು ಒಂದೂ ಇರಲಿಲ್ಲ. ನನ್ನ ಕೈ ನಿಂತದ್ದು ಅವರಿಗೆ ತಿಳಿಯಿತು ಅಂತ ಕಾಣುತ್ತದೆ. ಮುಖವನ್ನು ತಟ್ಟೆಯ ಹತ್ತಿರಕ್ಕೆ, ಉಸಿರಿಗೆ ನೀರು ನಡುಗುವಷ್ಟು ಹತ್ತಿರಕ್ಕೆ ತಂದರು.

ಗಾಜಿನಂಥ ಸಿಗಡಿಯೊಂದು ತೆವಳುತ್ತಾ ತಟ್ಟೆಯ ನಡುವಿಗೆ ಬಂತು. ಹೂವಿನ ಮೇಲೆ ನಿಂತಿತು.

"ಅಗೋ" ಎಂದರು ಅತ್ತೆ. ಅವರ ದನಿ ಹಗುರವಾಗಿತ್ತು. "ಇದೆಯಲ್ಲವ್ವ. ನಮ್ಮತ್ತೆ ಕಾಲದ ಕೆಂಪು. ಇದನ್ನ ಬಿಡು, ಉಳೀಲಿ."

ನಾನು ಚಿಪ್ಪನ್ನು ಹಿಡಿದು ಕಾದೆ. ಮರದ ಮೇಲಿಂದ ಒಂದು ಎಲೆ ತೊಟ್ಟಿಗೆ ಬಿತ್ತು. ತಟ್ಟೆಯಲ್ಲಿ ಆ ಸಿಗಡಿ ಮೀಸೆ ಆಡಿಸುತ್ತಾ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು. ಕೆಂಪು ಹೂವಿನಲ್ಲೇ ಉಳಿಯಿತು.