ಪೀಣ್ಯದವರೆಗೆ ಲಿಫ್ಟ್

ಅತ್ತಿಬೆಲೆಯ ಹೆದ್ದಾರಿ ಪಕ್ಕದಲ್ಲಿ ಬೆಳಗ್ಗೆ ಆರರಿಂದ ನಿಂತಿದ್ದ ಮಾರ್ತಾಳನ್ನು ಒಂಬತ್ತರೊಳಗೆ ಮೂವರು ಪುಣ್ಯಾತ್ಮರು ಬಸ್ ನಿಲ್ದಾಣಕ್ಕೆ ತಲುಪಿಸಿ ಹೋಗಿದ್ದರು. ಮೂರು ಸಲವೂ ಅವಳು ಬೆನ್ನಿನ ಚೀಲ ಹೊತ್ತು ಅದೇ ಜಾಗಕ್ಕೆ ವಾಪಸು ನಡೆದಿದ್ದಳು. ಪೋಲೆಂಡಿನವಳು. ಕನ್ಯಾಕುಮಾರಿಯಿಂದ ಹಿಮಾಲಯದವರೆಗೆ ಟಿಕೆಟ್ ಕೊಳ್ಳದೆ, ಲಿಫ್ಟ್ ಕೇಳಿಕೊಂಡೇ ಹೋಗುತ್ತೇನೆಂದು ಹೊರಟವಳು. ಎರಡು ವಾರ ತಮಿಳುನಾಡಿನ ಲಾರಿಗಳಲ್ಲಿ ಕೂತು ಅಷ್ಟಿಷ್ಟು ತಮಿಳು ಕಲಿತಿದ್ದಳು.

ನಾಲ್ಕನೆಯವಳಾಗಿ ಗಾಡಿ ನಿಲ್ಲಿಸಿದವಳು ರಾಣಿ. ಅತ್ತಿಬೆಲೆಯ ಹಳೇ ಮನೆತನದವಳು. ಆರು ವರ್ಷದಿಂದ ಸ್ವಂತ ಗೂಡ್ಸ್ ಟೆಂಪೊ ಓಡಿಸಿಕೊಂಡು, ಇಲ್ಲಿಂದ ಪೀಣ್ಯದ ಕಾರ್ಖಾನೆಗಳಿಗೆ ಮಾಲು ಸಾಗಿಸುತ್ತಿದ್ದಳು.

"ಬಸ್ಸಲ್ಲಿ ಹೋಗಕ್ಕೇನಮ್ಮಾ ಕಷ್ಟ?" ಎಂದು, ಅವಳ ಅರೆಬರೆ ತಮಿಳು ಕೇಳಿಸಿಕೊಂಡು, ತಮಿಳಿನಲ್ಲೇ ಕೇಳಿದಳು.

"ಬಸ್ ವೇಂಡಾಂ, ಬೇಡ!" ಮಾರ್ತಾ ಅಳುವಂತಿದ್ದಳು.

"ಸರಿ, ಹತ್ತು. ಪೀಣ್ಯದಿಂದ ತುಮಕೂರು ಕಡೆ ಲಾರಿ ಸಿಗುತ್ತೆ."

ಎಲೆಕ್ಟ್ರಾನಿಕ್ ಸಿಟಿ ದಾಟಿ ಊರ ಸುತ್ತು ಹಾಕುವ ನೈಸ್ ರೋಡ್ ಹಿಡಿದು ಹತ್ತು ನಿಮಿಷವಾಗಿರಲಿಲ್ಲ, ಕ್ಲಚ್ ವೈರು ಕಿತ್ತುಹೋಯಿತು. ಫೋನ್ ಮಾಡಿದರೆ ಮೆಕ್ಯಾನಿಕ್ ಬರುವುದಕ್ಕೆ ಎರಡು ತಾಸಾಗುತ್ತದೆಂದ. ಗಾಡಿಯ ಮಾಲಿನಲ್ಲಿದ್ದ ಒಂದು ಪೆಟ್ಟಿಗೆ ರಬ್ಬರ್ ವಾಷರ್ ಹನ್ನೆರಡರೊಳಗೆ ಪೀಣ್ಯ ಮುಟ್ಟದಿದ್ದರೆ ಅಲ್ಲಿನ ಕಾರ್ಖಾನೆಯಲ್ಲಿ ಮಷೀನು ನಿಲ್ಲುತ್ತಿತ್ತು.

ರಾಣಿ ರಸ್ತೆಗಿಳಿದು ಕೈ ಅಡ್ಡ ಹಿಡಿದಳು. ಆರು ವರ್ಷದಲ್ಲಿ ಯಾರನ್ನೂ ಲಿಫ್ಟ್ ಕೇಳಿದವಳಲ್ಲ, ಮುಖ ಬಿಸಿಯಾಯಿತು. ಒಂದು ಗಾಡಿಯೂ ನಿಲ್ಲಲಿಲ್ಲ. ಮಾರ್ತಾ ಪಕ್ಕಕ್ಕೆ ಬಂದು ನಿಂತದ್ದೇ ಒಂದು ಕಾರು ನಿಂತಿತು. ಒಳಗಿದ್ದವರೆಲ್ಲ ಇಳಿದು ಮಾರ್ತಾಳ ಜೊತೆ ಸೆಲ್ಫಿ ತೆಗೆದುಕೊಂಡು, ಮತ್ತೆ ಹತ್ತಿ ಹೊರಟೇಹೋದರು.

"ಥೂ, ಇವ್ರ ಮುಖಕ್ಕಿಷ್ಟು!" ರಾಣಿ ಚಪ್ಪಲಿ ಕಾಲಿನಿಂದ ಟೈರಿಗೊದ್ದಳು.

ಪೀಣ್ಯದ ಕಡೆ ಹೊರಟಿದ್ದ ಮುಂದಿನ ಕಾರಿನಲ್ಲಿ ಒಬ್ಬರಿಗೆ ಮಾತ್ರ ಜಾಗವಿತ್ತು. ಉಳಿದ ಮಾಲು ಬಿಟ್ಟು ರಾಣಿ ಹೋಗುವಂತಿರಲಿಲ್ಲ. ಮಾರ್ತಾ ಇವತ್ತು ಬೆಳಗ್ಗೆ ಕಂಡ ಹೆಂಗಸು, ಹೆಸರು ಬಿಟ್ಟು ಬೇರೇನೂ ಗೊತ್ತಿಲ್ಲ. ಆದರೂ ಪೆಟ್ಟಿಗೆಯನ್ನು ಅವಳ ತೊಡೆಯ ಮೇಲಿಟ್ಟು, ಮಾಲು ಮುಟ್ಟಿತೆಂದು ಸೈನ್ ಹಾಕಿಸಬೇಕಾದ ಚಲನ್ ಕೈಗೆ ತುರುಕಿ, "ಇದಕ್ಕೆ ಸೈನ್ ಹಾಕ್ಸು. ಮರೀಬೇಡ" ಎಂದಳು.

ಆಮೇಲೆ ಕಾರ್ಖಾನೆಯ ಸ್ಟೋರ್‌ಕೀಪರ್ ಬೈರಪ್ಪನಿಗೆ ಫೋನ್ ಮಾಡಿದಳು.

"ಫಾರಿನ್ ಲೇಡಿನಾ? ಗೇಟ್ ಪಾಸು ನಿನ್ನ ಗಾಡಿ ನಂಬರ್ ಮೇಲಿರೋದು ಕಣಮ್ಮ. ಗಾಡಿ ಇಲ್ದೆ ಸೆಕ್ಯೂರಿಟಿ ಬಿಡಲ್ಲ."

"ನೀವೇ ಗೇಟಿಗೆ ಬಂದು ಇಸ್ಕೊಳ್ಳಿ ಸಾರ್."

"ಅಂಗೆಲ್ಲ ಆಗಲ್ಲ. ರೂಲ್ಸು."

ಎರಡು ತಾಸೆಂದಿದ್ದ ಮೆಕ್ಯಾನಿಕ್ ಬಂದದ್ದು ಮೂರೂವರೆ ತಾಸಿಗೆ. ವೈರು ಹಾಕಿಸಿಕೊಂಡು ರಾಣಿ ಪೀಣ್ಯ ತಲುಪಿದಾಗ ನಾಲ್ಕು ಗಂಟೆ. ಕಾರ್ಖಾನೆಯ ಗೇಟಿನೆದುರು, ಚರಂಡಿ ಕಲ್ಲಿನ ಮೇಲೆ, ಬಿಸಿಲಿಗೆ ಕೆಂಪಾದ ಮಾರ್ತಾ ಕೂತಿದ್ದಳು. ಕೈಯಲ್ಲಿ ಚಲನ್.

"ಇನ್ನೂ ಇಲ್ಲೇ ಇದೀಯಾ? ಹೋಗೋದಲ್ವಾ?"

"ನೋ ಸೈನ್!" ಮಾರ್ತಾ ಕಿರುಚಿದಳು. ಮಷೀನು ನಿಂತ ಮೇಲೆ ಎರಡೂವರೆಗೆ ಬೈರಪ್ಪ ಗೇಟಿಗೆ ಬಂದು ಪೆಟ್ಟಿಗೆ ಕಿತ್ತುಕೊಂಡು ಹೋಗಿದ್ದ, ಸೈನ್ ಮಾಡಿರಲಿಲ್ಲ. ಅದಕ್ಕಾಗಿ ಈಕೆ ಹೊಟ್ಟೆಗಿಲ್ಲದೆ ಕಾದಿದ್ದಳು. "ನಾಲ್ಕು ಗಂಟೆ ಆಯ್ತು! ನಿಮ್ಮೂರಿಂದ ಹೊರಗೆ ಹೋಗೋದು ಹೇಗೆ?"

ರಾಣಿ ಅವಳ ಕೈಯಿಂದ ಚಲನ್ ಇಸಿದುಕೊಂಡಳು. ಗಾಡಿ ಒಳಗೆ ಹೊಡೆದು, ಬೈರಪ್ಪನ ಮೇಜಿನ ಮೇಲೆ ಚಲನ್ ಬಡಿದಳು. "ನನ್ ಮಾತು ನಂಬ್ಕೊಂಡು ಆ ಹೆಣ್ಮಗಳು ಬೀದೀಲಿ ಕೂತವ್ಳೆ ಸಾರ್. ಒಂದು ಲೋಟ ನೀರು ಕೊಟ್ರಾ ನೀವು?" ಬೈರಪ್ಪ ತಲೆ ಎತ್ತದೆ ಸೈನ್ ಹಾಕಿದ.

ರಾಣಿ, ಮಾರ್ತಾ ಇಬ್ಬರೂ ಗೇಟಿನೆದುರಿನ ಹೋಟೆಲಿನಲ್ಲಿ ಇಡ್ಲಿ ತಿಂದರು. ರಾಣಿ ಅವಳನ್ನು ನೆಲಮಂಗಲದಾಚೆಗೇ ಕರೆದೊಯ್ದು, ದಾವಣಗೆರೆಗೆ ಹೊರಟಿದ್ದ ಒಂದು ಲಾರಿ ನಿಲ್ಲಿಸಿದಳು. ಮುರಿಗೆಪ್ಪನೆಂಬ ಡ್ರೈವರನ ಊರು, ಮನೆ, ಮಕ್ಕಳನ್ನೆಲ್ಲ ವಿಚಾರಿಸಿ, ಫೋನ್ ನಂಬರು ಬರೆದುಕೊಂಡಳು.

"ಸಾಕು, ಪೊಲೀಸ್!" ಮಾರ್ತಾ ರೇಗಿದಳು. ಮೆಟ್ಟಿಲು ಹತ್ತಿದವಳು ಮತ್ತೆ ಇಳಿದು ಬಂದು ರಾಣಿಯನ್ನು ಗಟ್ಟಿಯಾಗಿ ತಬ್ಬಿಕೊಂಡು ಹೋದಳು.

ವಾಪಸು ಬರುವಾಗ ಪೀಣ್ಯಕ್ಕೆ ಸ್ವಲ್ಪ ಮುಂಚೆ, ಎಂಟನೇ ಮೈಲಿ ಎಂಬಲ್ಲಿ ಗಾಡಿಗಳು ಅಲುಗಾಡುತ್ತಿರಲಿಲ್ಲ. ಎಷ್ಟೋ ಹೊತ್ತು ಕಾದು, ಇಂಜಿನ್ ಆರಿಸಿ, ರಾಣಿ ಮುರಿಗೆಪ್ಪನಿಗೆ ಫೋನ್ ಮಾಡಿದಳು.

"ತುಮಕೂರು ದಾಟಿದ್ವಿ ಕಣಕ್ಕ. ಮೇಡಂ ನಿದ್ದೆ ಮಾಡ್ತಾವ್ರೆ."

ಅವಳ ಮುಂದಿನ ಗಾಡಿ ಇನ್ನೂ ಒಂದಡಿ ಸರಿದಿರಲಿಲ್ಲ.