ಬಲಗಡೆಯ ಸೀಟು

ಕಾರ್ಪೆನ ಎಂಬ ಊರಿನ ಚರಿತ್ರೆಯನ್ನು ಯಾರಾದರೂ ಬರೆಯಲು ಕೂತರೆ ಒಂದು ಶುಕ್ರವಾರವನ್ನು ಬಿಡಬಾರದು. ಅಂದು ಬೆಳಿಗ್ಗೆ ಹೆದ್ದಾರಿಯಲ್ಲಿ ಎದುರು ಬಂದ ಅಂಚೆ ವ್ಯಾನಿನವನು ಲಾಯ್ಡ್ ಪ್ರೋಬರ್ಟನಿಗೆ ಬೆರಳೆತ್ತಲಿಲ್ಲ.

ಎದುರಾದ ಗಾಡಿಗೆ ಸ್ಟೀರಿಂಗಿನ ಮೇಲಿಂದ ತೋರುಬೆರಳನ್ನು ಒಂದಿಷ್ಟು ಎತ್ತುವುದು ಆ ಸೀಮೆಯಲ್ಲಿ ನಮಸ್ಕಾರವೂ ಹೌದು, ಕ್ಷೇಮಸಮಾಚಾರವೂ ಹೌದು. ಗುರುತಿಲ್ಲದವನಿಗೂ ಎತ್ತುತ್ತಾರೆ. ಆಗದವನಿಗೂ ಎತ್ತುತ್ತಾರೆ, ಅರ್ಧ. ಲಾಯ್ಡ್‌ಗೆ ಮಾತ್ರ ಇಡೀ ಕೈ ಎತ್ತುವವರಿದ್ದರು. ಸಮುದ್ರದಂಡೆಯ ಮರಳಲ್ಲಿ ಯಾರ ಗಾಡಿ ಹೂತರೂ, ದೋಣಿಯ ಟ್ರೇಲರು ಸಿಕ್ಕಿಕೊಂಡರೂ, ತನ್ನ ಬಿಳಿ ಜೀಪು ತಂದು ಎಳೆದು ಹಾಕುತ್ತಿದ್ದವನು ಅವನೇ. ಅಂಚೆಯವನನ್ನೂ ಒಮ್ಮೆ ಎಳೆದಿದ್ದ.

ಲಾಯ್ಡ್ ಕನ್ನಡಿಯಲ್ಲಿ ನೋಡಿದ. ಅಂಚೆಯವನು ವ್ಯಾನು ನಿಧಾನ ಮಾಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಲಾಯ್ಡ್‌ನ ಹಿಂದೆ ಬರುತ್ತಿದ್ದ ಇನ್ನೊಂದು ಗಾಡಿಗೆ ಕೈ ಬೀಸುತ್ತಿದ್ದ. ಅದು ಪಾಚಿ ಬಣ್ಣದ, ಚಪ್ಪಟೆ ಮೂತಿಯ, ಕ್ಯಾನ್ವಾಸ್ ಹೊದಿಕೆಯ ಗಾಡಿ. ಸ್ವಿಸ್ ಸೈನ್ಯ ಬೇಡವೆಂದು ಮಾರಿದ್ದು, ಹಡಗಿನಲ್ಲಿ ಬಂದಿದ್ದು. ಅದನ್ನು ಬಂದರಿನಿಂದ ಬಿಡಿಸಿಕೊಂಡು ಬರುತ್ತಿದ್ದವನು ಪಕ್ಕದ ಹೊಲದ ಕ್ಲಾರಿ ಹೆಂಚೆಲ್.

ಗಾಡಿ ಬರಲು ವರ್ಷ ಹಿಡಿದಿತ್ತು. ಮೊದಲು ಸರ್ಕಾರದ ಒಪ್ಪಿಗೆ ತಡವಾಯಿತು. ಆಮೇಲೆ ಬ್ರೇಕಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇದೆಯೇ ಎಂಬ ಪರೀಕ್ಷೆ. ಆಮೇಲೆ ಹೊರದೇಶದ ಮಣ್ಣು, ಬೀಜ ಒಂದು ಕಾಳೂ ಒಳಗೆ ಬರಬಾರದೆಂದು ಹಬೆ ಹಾಯಿಸಿ ತೊಳೆಯುವುದು. ಒಂದೊಂದು ಅಡ್ಡಿ ಬಂದಾಗಲೂ ಲಾಯ್ಡ್ ಹೋಗಿ ಕ್ಲಾರಿಗೆ ಸಮಾಧಾನ ಹೇಳಿ ಬಂದಿದ್ದ. ಅಂಥ ದಿನ ಅವನಿಗೆ ಊಟ ಚೆನ್ನಾಗಿ ಸೇರುತ್ತಿತ್ತು.

ಸಂಜೆ ಪಬ್ಬಿನ ಮುಂದೆ ಊರೇ ನೆರೆದಿತ್ತು. ಒಬ್ಬ ಟೈರನ್ನು ಒದ್ದು ನೋಡಿದ, ಇನ್ನೊಬ್ಬ ನೆಲಕ್ಕೆ ಮಲಗಿ ಅಡಿಭಾಗ ನೋಡಿ ಎದ್ದು, ಒಂದೇ ಗುಟುಕಿಗೆ ಬಿಯರ್ ಮುಗಿಸಿದ. ಲಾಯ್ಡ್‌ನ ಹೆಂಡತಿ ಬೆವ್ ಆಗಲೇ ಗಾಡಿಯೊಳಗೆ ಕೂತಿದ್ದಳು. ಗಂಡನ ಜೀಪಿಗೆ ಹತ್ತುವಾಗ ನಾಯಿಕೂದಲು ಅಂಟುತ್ತದೆಂದು ಟವಲು ಹಾಸಿಕೊಳ್ಳುವವಳು ಇಲ್ಲಿ ಹಾಗೇ ಕೂತಿದ್ದಳು.

"ಎಷ್ಟು ಎತ್ತರ ಇದೆ ನೋಡು ಲಾಯ್ಡ್. ನಿನ್ನ ಬೋಳುತಲೆ ಪೂರ್ತಿ ಕಾಣತ್ತೆ ಇಲ್ಲಿಂದ."

ಎಲ್ಲರೂ ನಕ್ಕರು. ಲಾಯ್ಡ್ ಕೂಡ ನಕ್ಕ, ಸ್ವಲ್ಪ ತಡವಾಗಿ.

ಮುಂದಿನ ವಾರ ದಂಡೆಯಲ್ಲಿ ಯಾರದೋ ದೋಣಿ ಸಿಕ್ಕಿಕೊಂಡಿತು. ಫೋನು ಕ್ಲಾರಿಗೆ ಹೋಯಿತು. ಲಾಯ್ಡ್‌ಗೆ ಸುದ್ದಿ ತಿಳಿದದ್ದು ಬೇಕರಿಯಲ್ಲಿ, ಮಾಂಸದ ಪೈ ಕೊಳ್ಳುವಾಗ. ಈ ವಯಸ್ಸಿನಲ್ಲಿ ಅವನಿಗ್ಯಾಕೆ ತೊಂದರೆ ಕೊಡುವುದು ಅಂತ ಅಂದುಕೊಂಡರಂತೆ. ಕ್ಲಾರಿ ಅವನಿಗಿಂತ ಎರಡು ವರ್ಷ ದೊಡ್ಡವನು.

ಮಧ್ಯಾಹ್ನವೇ ಲಾಯ್ಡ್ ಕ್ಲಾರಿಯ ಕೊಟ್ಟಿಗೆಗೆ ಹೋದ. ಗ್ರೀಸು ಹಚ್ಚಲು ಕೈಜೋಡಿಸುವ ನೆಪ. ಕ್ಲಾರಿ ಚಹಾ ತರಲು ಒಳಗೆ ಹೋದಾಗ ಗಾಡಿಯ ಸಂದುಗೊಂದುಗಳನ್ನೆಲ್ಲ ಬೆರಳಾಡಿಸಿ ನೋಡಿದ. ಉಪಕರಣದ ಪೆಟ್ಟಿಗೆಯ ಮೂಲೆಯಲ್ಲಿ, ಒಂದು ತೆನೆಚೂರು ಅಂಟಿದ್ದ ಒಣಹುಲ್ಲಿನ ಕಡ್ಡಿ ಸಿಕ್ಕಿತು. ಅಂಗಿಯ ಜೇಬಿಗೆ ಹಾಕಿಕೊಂಡ. ಪರದೇಶದ ಕಳೆ ಒಂದು ಬಂದರೆ ಸೀಮೆಯ ಗೋಧಿಗೇ ಕುತ್ತು. ಬಂದರಿನವರಿಗೆ ಒಂದು ಫೋನು ಮಾಡಿದರೆ ಸಾಕು, ಗಾಡಿ ಬಂದ ದಾರಿಯಲ್ಲೇ ವಾಪಸು. ಇದು ಹೊಟ್ಟೆಕಿಚ್ಚಲ್ಲ, ಗೋಧಿಯ ಮಾತು. ದಾರಿಯುದ್ದಕ್ಕೂ ಇದನ್ನು ತನಗೆ ತಾನೇ ಹಲವು ಸಲ ಹೇಳಿಕೊಂಡ. ಸೋಮವಾರ ಕಚೇರಿ ತೆರೆದ ಕೂಡಲೇ ಮಾಡುವುದೆಂದು ನಿಶ್ಚಯಿಸಿದ.

ಶನಿವಾರ ಬೆಳಿಗ್ಗೆ ಕ್ಲಾರಿಯೇ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ. ಇಳಿದು, ಟೋಪಿ ತೆಗೆದು, ಅದರ ಒಳಗೆ ನೋಡುತ್ತಾ ನಿಂತ.

"ಒಂದು ಉಪಕಾರ ಆಗ್ಬೇಕಲ್ಲ ಮಾರಾಯ. ಪಬ್ಬಲ್ಲಿ ಬಾಯಿ ಬಿಡ್ಬೇಡ."

ಸ್ಟೀರಿಂಗು ಎಡಗಡೆ. ರಸ್ತೆಯಲ್ಲಿ ಓಡಿಸುವುದೂ ಎಡಗಡೆ. ಮುಂದೆ ಒಂದು ಲಾರಿ ಬಂತೆಂದರೆ ಆಚೆ ಏನಿದೆ ಎಂದು ಕ್ಲಾರಿಗೆ ಕಾಣುತ್ತಿರಲಿಲ್ಲ, ದಾಟಿ ಮುಂದೆ ಹೋಗುವಂತಿರಲಿಲ್ಲ. ಬಂದರಿನಿಂದ ಅರ್ಧ ದಾರಿ ಕುರಿ ಲಾರಿಯೊಂದರ ಹಿಂದೆ ಬಂದಿದ್ದನಂತೆ.

"ಆ ಕುರಿಗಳ ಮುಖ ಒಂದೊಂದೂ ಗುರುತಿದೆ ಈಗ. ಬಲಗಡೆ ಕೂತು ನೋಡಿ ಹೇಳೋರು ಬೇಕು ಕಣೋ. ಮೊನ್ನೆ ನಿಮ್ಮ ಬೆವ್‌ನ ಕೂರಿಸ್ಕೊಂಡೆ. ಅವಳು ಕಣ್ಣು ಮುಚ್ಕೊಂಡು 'ಹೋಗು ಹೋಗು' ಅಂದ್ಲು. ಜೀವ ಉಳಿದಿದ್ದೇ ದೊಡ್ಡದು."

ಬೆವ್ ಮೊನ್ನೆ ಹೋಗಿದ್ದಳೆಂಬುದು ಲಾಯ್ಡ್‌ಗೆ ಹೊಸ ಸುದ್ದಿ. ಜೇಬಿನ ಮೇಲೆ ಕೈಯಿಟ್ಟು ನೋಡಿಕೊಂಡ. ಕಡ್ಡಿ ಅಲ್ಲೇ ಇತ್ತು. ಹತ್ತಿ ಬಲಗಡೆ ಕೂತ.

ಹೆದ್ದಾರಿಯಲ್ಲಿ ಮೊದಲು ಎದುರಾದವನು ನೀರು ಪೂರೈಸುವ ಲಾರಿಯವನು. ಗಾಡಿಯನ್ನು ನೋಡಿ ಕಣ್ಣರಳಿಸಿದ, ಆಮೇಲೆ ಉಳಿದೆಲ್ಲ ಗಾಡಿಗಳಲ್ಲಿ ಓಡಿಸುವವನು ಕೂರುವ ಕಡೆಗೇ, ಬಲಗಡೆಗೇ, ನೋಡಿ ಇಡೀ ಕೈ ಎತ್ತಿದ. ಲಾಯ್ಡ್‌ನ ಬೆರಳು ತಾನಾಗಿ ಮೇಲೆದ್ದಿತು. ಕ್ಲಾರಿಯೂ ಎತ್ತಿದ್ದ, ಆ ಕಡೆಗೆ ಯಾರೂ ನೋಡಲಿಲ್ಲ. ಎರಡನೆಯವರು ಕ್ಯಾರವಾನಿನಲ್ಲಿ ಪ್ರವಾಸ ಹೊರಟ ಗಂಡಹೆಂಡತಿ, ಇಬ್ಬರೂ ಕೈ ಬೀಸಿದರು. ಮೂರನೆಯದು ಅಂಚೆ ವ್ಯಾನು. ಅಂಚೆಯವನು ಹಾರ್ನು ಹೊಡೆದು, ಕಿಟಕಿಯಿಂದ ತಲೆ ಹೊರಗೆ ಹಾಕಿದ. ಲಾಯ್ಡ್ ಬೆನ್ನು ನೆಟ್ಟಗೆ ಮಾಡಿಕೊಂಡ.

ಅಷ್ಟರಲ್ಲಿ ಮುಂದೆ ಧಾನ್ಯದ ಲಾರಿಯೊಂದು ಸಿಕ್ಕಿತು.

"ಹೋಗ್ಲಾ?" ಎಂದ ಕ್ಲಾರಿ.

ಲಾಯ್ಡ್ ಕತ್ತು ಹೊರಗೆ ಹಾಕಿದ. ರಸ್ತೆ ದಿಗಂತದವರೆಗೆ ಖಾಲಿಯಿತ್ತು. ತೀರಾ ದೂರದಲ್ಲಿ ಗಾಜೊಂದು ಮಿಂಚಿತು. ಯಾರೋ ಬರುತ್ತಿದ್ದರು.

"ಇರು," ಎಂದ.

ಅವರು ಬಂದರು, ಕೈ ಎತ್ತಿದರು, ಹೋದರು. ಅವರ ಹಿಂದೆ ಇನ್ನೊಬ್ಬರು ಇರಬಹುದಲ್ಲವೇ?

"ಈಗ?"

"ಅವಸರ ಏನು ನಿಂಗೆ? ಇರು."

ಕ್ಲಾರಿ ಇದ್ದ. ಲಾಯ್ಡ್ ಜೇಬಿನಿಂದ ಕಡ್ಡಿ ತೆಗೆದು, ಯೋಚನೆಯಿಲ್ಲದೆ ಹಲ್ಲಿನ ನಡುವೆ ಇಟ್ಟು, ರೈತರೆಲ್ಲ ಅಗಿಯುವ ಹಾಗೆ ಅಗಿಯತೊಡಗಿದ. ಬಾರ್ಲಿ. ಕ್ಲಾರಿಯ ಕೊಟ್ಟಿಗೆಯ ನೆಲದ ಮೇಲೆ ವರ್ಷವಿಡೀ ಬಿದ್ದಿರುವಂಥದ್ದೇ. ಅದು ತೀರುವ ಹೊತ್ತಿಗೆ ಪಕ್ಕದೂರಿನ ಧಾನ್ಯ ತುಂಬಿಡುವ ಗೋಪುರ ಕಾಣಿಸಿತು. ಆಗ "ಹೋಗು" ಎಂದ. ಅಷ್ಟರಲ್ಲಿ ಲಾರಿಯೇ ಹೆದ್ದಾರಿ ಬಿಟ್ಟು ಗೋಪುರದ ಕಡೆಗೆ ತಿರುಗುವುದರಲ್ಲಿತ್ತು.

ಸೋಮವಾರ ಲಾಯ್ಡ್ ಯಾರಿಗೂ ಫೋನು ಮಾಡಲಿಲ್ಲ. ಈಗ ಆ ಗಾಡಿಯ ಬಲಗಡೆಯ ಸೀಟು ಅವನದು. ಬೆವ್ ಹಿಂದೆ ಕೂರುತ್ತಾಳೆ.