ಬಜೆ ತೇಯ್ದ ವರ್ಷ

"ಅತ್ಗೆ, ಇದು ರಕ್ತದಲ್ಲೇ ಬರೋದಾ?"

ರೂಪಶ್ರೀ ಅಡುಗೆಮನೆಯ ಬಾಗಿಲನ್ನು ಅರ್ಧ ಮುಚ್ಚಿ ದನಿ ತಗ್ಗಿಸಿ ಕೇಳಿದಳು. ಒಂದು ಕೈ ತುಂಬಿದ ಹೊಟ್ಟೆಯ ಮೇಲಿತ್ತು. ಹೊರಗೆ, ಗಂಡನ ಮನೆಯ ಹಜಾರದಲ್ಲಿ, ಅವಳ ಬಳೆಶಾಸ್ತ್ರಕ್ಕೆ ಜಮಖಾನ ಹಾಸುತ್ತಿದ್ದರು. ಅವಳ ತವರಾದ ಚಾಮರಾಜನಗರದಿಂದ ತಂದ ಕಜ್ಜಾಯವನ್ನು ತಟ್ಟೆಗೆ ಜೋಡಿಸುತ್ತಿದ್ದ ಶಿವರಂಜಿನಿ ನಾದಿನಿಯ ಮುಖ ನೋಡಿದಳು.

ಶಿವರಂಜಿನಿಯ ಮಗಳು ಮನಸ್ವಿಗೆ ಆಟಿಸಂ ಎಂದು ಮೈಸೂರಿನ ಡಾಕ್ಟರು ಹೇಳಿದ್ದು ಹೋದ ವಾರ. ನಾಲ್ಕು ವರ್ಷದ ಕೂಸು, ಹೆಸರು ಹಿಡಿದು ಕೂಗಿದರೆ ತಿರುಗುವುದಿಲ್ಲ. ಕಲಿತಿದ್ದ 'ಅವ್ವ', 'ನೀರು' ಕೂಡ ಎಲ್ಲೋ ಹೋಗಿಬಿಟ್ಟಿದ್ದವು. ಇಷ್ಟು ದಿನ ಯಾಕೆ ತೋರಿಸಲಿಲ್ಲ ಎಂದು ಡಾಕ್ಟರು ಕೇಳಿದಾಗ, "ನನಗೆ ತಿಳೀಲಿಲ್ಲ, ನನ್ನದೇ ತಪ್ಪು" ಎಂದಿದ್ದಳು ಶಿವರಂಜಿನಿ. ಪಕ್ಕದಲ್ಲಿ ಗಂಡ ಮಾದೇಶ್ ತಲೆ ತಗ್ಗಿಸಿ ಕೂತಿದ್ದ. ದುಃಖವನ್ನು ಒಳಗೇ ನುಂಗುತ್ತಿದ್ದಾನೆ ಅಂದುಕೊಂಡು ಅವಳೇ ಅವನ ಬೆನ್ನು ಸವರಿದ್ದಳು.

"ನಿಂಗ್ಯಾರು ಹೇಳಿದ್ರು ಕಣಮ್ಮಿ? ಇನ್ನೂ ಅತ್ತೆಗೂ ಹೇಳಿಲ್ಲ ನಾವು."

"ಅಣ್ಣ. ಈಗಲ್ಲ, ನನ್ ಮದ್ವೆ ಮಾತಾಗ್ತಿತ್ತಲ್ಲ, ಆಗ. ಅವನೊಬ್ನೇ ಕೂಸ್ನ ಇಂಜೆಕ್ಷನ್‌ಗೆ ಕರ್ಕಂಡೋಗಿದ್ದಾಗ ಡಾಕ್ಟ್ರು ಹೇಳಿದ್ರಂತಲ್ಲ, ಇದು ಆಟಿಸಂ ಇದ್ದಂಗದೆ, ತಡ ಮಾಡ್ಬೇಡಿ, ಮೈಸೂರಿಗೆ ತೋರ್ಸಿ ಅಂತ. ಹಿತ್ತಿಲಲ್ಲಿ ಅಳ್ತಾ ನಿಂತಿದ್ದ, ನಾ ನೋಡ್ಬುಟ್ಟೆ." ಮಾತು ಅಲ್ಲೇ ತಡವರಿಸಿತು. "ಅತ್ಗೆ, ನಿಮ್ಗೂ ಹೇಳಿದ್ದ ಅಲ್ವಾ?"

ಶಿವರಂಜಿನಿ ಕೊನೆಯ ಕಜ್ಜಾಯವನ್ನು ತಟ್ಟೆಗಿಟ್ಟು ಕೈ ತೊಳೆದುಕೊಂಡಳು.

ರೂಪಶ್ರೀಯ ಮದುವೆಯಾಗಿ ವರ್ಷ ದಾಟಿತ್ತು. ಆ ವರ್ಷವೆಲ್ಲ ಅತ್ತೆ ಚಿಕ್ಕಬಸಮ್ಮ ಬೆಳಗಾದರೆ ಬಜೆ ಬೇರನ್ನು ಕಲ್ಲಿನ ಮೇಲೆ ತೇಯ್ದು, ಜೇನು ಬೆರೆಸಿ ಸೊಸೆಯ ಕೈಗೆ ಕೊಟ್ಟಿದ್ದರು. ಬಜೆ ಮುಟ್ಟಿದ ನಾಲಗೆಗೆ ಮಾತು ತಾನಾಗಿ ಬರುತ್ತದೆ ಎಂಬುದು ಅವರ ನಂಬಿಕೆ. ಬಾಯಿಗೆ ಬೆರಳು ಬಂದರೆ ಮನಸ್ವಿ ಉಸಿರು ಕಟ್ಟಿಕೊಂಡು ಕಿರುಚುತ್ತಿದ್ದಳು. ಅವಳ ಎರಡೂ ಕೈಗಳನ್ನು ಅಲುಗದಂತೆ ಹಿಡಿಯುತ್ತಿದ್ದವನು ಮಾದೇಶ್. "ಇನ್ನೊಂಚೂರು ಹಚ್ಚು" ಎನ್ನುತ್ತಿದ್ದ. ಹೊಲಿಗೆ ಮೆಷಿನ್ ಮುಂದೆ ಕೂತು ಕೂಸಿನ ಜೊತೆ ಮಾತಾಡದೇ ಹೋದದ್ದಕ್ಕೇ ಹೀಗಾಯಿತು ಎಂದು ಓಣಿಯವರು ಅಂದಾಗ ಅವಳು ಹೊಲಿಗೆ ಬಿಟ್ಟಳು. ಮೆಷಿನ್ನನ್ನು ಅಟ್ಟಕ್ಕೆ ಹಾಕಿಕೊಟ್ಟವನೂ ಅವನೇ.

ಅವಳು ಹಿತ್ತಿಲಿಗೆ ಬಂದಾಗ ಮಾದೇಶ್ ನೀರಿನ ಕ್ಯಾನ್ ಇಳಿಸುತ್ತಿದ್ದ.

"ಗೊತ್ತಿತ್ತಾ ನಿಮ್ಗೆ?"

ಯಾವುದು ಎಂದು ಅವನು ಕೇಳಲಿಲ್ಲ. ಕ್ಯಾನನ್ನು ನೆಲಕ್ಕಿಟ್ಟು ಟವಲಿನಿಂದ ಕುತ್ತಿಗೆ ಒರೆಸಿಕೊಂಡ.

"ಮನೇಲಿ ಇಂಥದ್ದದೆ ಅಂದಿದ್ರೆ ಇವ್ರು ರೂಪನ ಒಪ್ತಿದ್ರಾ ರಂಜಿ? ಮದ್ವೆ ಒಂದಾಗ್ಲಿ, ಆಮ್ಯಾಕೆ ಹೇಳನ ಅಂದ್ಕಂಡೆ. ಆಮ್ಯಾಕೆ ನಿನ್ ಮುಖ ನೋಡ್ದ್ರೆ ಬಾಯೇ ಬರ್ನಿಲ್ಲ."

"ಕೂಸಿನ ಕೈ ಇಡ್ಕಂಡಿದ್ರಲ್ಲ."

"ಅವ್ವ ನೊಂದ್ಕತಾಳೆ ಅಂತ..."

"ಕೂಸು ಕಿರುಚ್ತಿತ್ತು."

ಅವನು ಹಜಾರದ ಕಡೆ ನೋಡಿ ಹತ್ತಿರ ಬಂದ. "ಈಗ ಗಲಾಟೆ ಮಾಡ್ಬೇಡ. ಯಾರಾರ ಕೇಳಿದ್ರೆ ಮಾತು ನಿಧಾನ ಅನ್ನು. ರೂಪಂಗೆ ಎರಿಗೆ ಒಂದಾಗ್ಬುಡ್ಲಿ. ನಿನ್ ಕಾಲಿಡ್ಕತೀನಿ."

"ಮದ್ವೆ ಆಯ್ತು, ಈಗ ಎರಿಗೆ. ಆಮ್ಯಾಕೆ ರೂಪನ ಕೂಸಿಗೆ ಹೆಸರಿಡೋದಾ?"

ಒಳಗಿನಿಂದ ಯಾರೋ ಅವಳನ್ನು ಕೂಗಿದರು.

ಹಜಾರದಲ್ಲಿ ಬಳೆ ತೊಡಿಸುವ ಹಫೀಜಾ ಬುಟ್ಟಿ ಬಿಚ್ಚಿದ್ದಳು. ಹಸಿರು ಬಳೆಗಳು ರೂಪಶ್ರೀಯ ಕೈಗೆ ಒಂದೊಂದಾಗಿ ಏರುತ್ತಿದ್ದವು.

"ಸರಸರ ಏರ್ತಾವೆ ಅಮ್ಮಾ, ಹೆಣ್ಣೇ ನೋಡ್ಕಳಿ."

"ನೀ ಹೆಣ್ಣು ಅಂದ ಮನೇಲೆಲ್ಲ ಗಂಡೇ ಹುಟ್ತದೆ, ಸುಮ್ಕಿರು, ಟೀವಿಯವರು ಮಳೆ ಬತ್ತದೆ ಅಂದಂಗೆ" ಎಂದಳು ರೂಪಶ್ರೀಯ ಅತ್ತೆ ನಾಗರತ್ನ.

ಹೆಂಗಸರ ನಗು ಒಮ್ಮೆಗೇ ಎದ್ದಿತು. ಕಿಟಕಿಯ ಕೆಳಗೆ ಕೂತಿದ್ದ ಮನಸ್ವಿ ಎರಡೂ ಕಿವಿ ಮುಚ್ಚಿಕೊಂಡು ಹಿಂದಕ್ಕೂ ಮುಂದಕ್ಕೂ ತೂಗತೊಡಗಿದಳು. ನಾಗರತ್ನ ಬಗ್ಗಿ ನೋಡಿದಳು.

"ಇದ್ಯಾಕೆ ಕೂಸು ಹಿಂಗಾಡ್ತದೆ? ಇನ್ನೂ ಮಾತು ಬರ್ನಿಲ್ವಾ?"

"ಬತ್ತದೆ ಬುಡಿ ಬೀಗ್ತಿ" ಎಂದರು ಚಿಕ್ಕಬಸಮ್ಮ. "ಅವರಪ್ಪನೂ ತಡವಾಗೇ ಮಾತಾಡಿದ್ದು. ಈಗ ನೋಡಿ, ಬಾಯ್ ಮುಚ್ಚಲ್ಲ."

ಮತ್ತೆ ನಗು. ಬಾಗಿಲಲ್ಲಿ ಬಂದು ನಿಂತಿದ್ದ ಮಾದೇಶನೂ ನಕ್ಕ. ನಗುತ್ತಲೇ ಹೆಂಡತಿಯ ಕಡೆ ನೋಡಿ ಬೇಡ ಎಂಬಂತೆ ತಲೆಯಾಡಿಸಿದ. ರೂಪಶ್ರೀ ಕಣ್ಣು ಮೇಲೆತ್ತಲಿಲ್ಲ.

"ಕೂಸಿಗೆ ಆಟಿಸಂ ಅದೆ" ಎಂದಳು ಶಿವರಂಜಿನಿ. "ಅವರಪ್ಪನಿಗೆ ವರ್ಷದ ಹಿಂದೆಯೇ ಗೊತ್ತಿತ್ತು. ನನಗೆ ಹೇಳ್ಲಿಲ್ಲ."

ನಾಗರತ್ನ ರೂಪಶ್ರೀಯ ಗಂಡನಾದ ತನ್ನ ಮಗನಿಗಾಗಿ ಸುತ್ತ ಹುಡುಕಿದಳು. ಚಿಕ್ಕಬಸಮ್ಮ ಆ ಹೊಸ ಶಬ್ದ ಅರ್ಥವಾಗದೆ ಮೊದಲು ಸೊಸೆಯನ್ನು ನೋಡಿದರು. ಆಮೇಲೆ ಮಗನ ಕಡೆ ತಿರುಗಿದವರು ಬಹಳ ಹೊತ್ತು ಅಲ್ಲೇ ನೋಡುತ್ತಿದ್ದರು. ಮಾದೇಶ್ ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದ.

ಹಫೀಜಾ ರೂಪಶ್ರೀಯ ಕೈಗೆ ಉಳಿದ ಬಳೆ ತೊಡಿಸಿ ಮುಗಿಸಿದಳು. ಬಂದ ಮುತ್ತೈದೆಯರಿಗೆಲ್ಲ ಬಳೆ ಇಡಬೇಕು. ಹಫೀಜಾ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಬನ್ನಿ ಅಕ್ಕಾ."

ಶಿವರಂಜಿನಿ ಕೂತು ಕೈ ನೀಡಿದಳು. ಹಫೀಜಾ ಗೆಣ್ಣುಗಳನ್ನು ಮೆಲ್ಲಗೆ ಒತ್ತಿ ನೋಡಿದಳು.

"ಕೈ ಸಡಿಲ ಬುಡಿ."

"ಸಡಿಲವಾಗೇ ಬುಟ್ಟಿವ್ನಿ."

ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಹಫೀಜಾ ಬಳೆಯನ್ನು ಜಮಖಾನದ ಮೇಲಿಟ್ಟು, ಆ ಮುಷ್ಟಿಯನ್ನು ತನ್ನ ಎರಡೂ ಅಂಗೈಗಳ ನಡುವೆ ಇರಿಸಿಕೊಂಡು, ಹಾಗೇ ಕೂತಳು.